ಚೀಲದಕ್ಕನ ಉಲ್ಟಾ ಚೀಲಗಳು

ಪುಟ್ಟ ಹಕ್ಕಿಯೊಂದರ ತೂಕ ಎಷ್ಟು ಅಂತ ಚೀಲದಕ್ಕನನ್ನು ಕೇಳಿದರೆ ಗ್ರಾಮಿನಲ್ಲಿ ಹೇಳುವುದಿಲ್ಲ. "ಮೂರು ಅಂಗಿಗೆ ಎಷ್ಟು ಗುಂಡಿ ಬೇಕೋ ಅಷ್ಟು" ಅನ್ನುತ್ತಾಳೆ. ಬೇಕಿದ್ದರೆ ತೂಗಿ ನೋಡಿ, ಒಂದು ಗುಂಡಿ ಆಚೀಚೆ ಆದರೆ ಹೆಚ್ಚು.

ಅವಳ ಅಂಗಡಿ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿದೆ. ಹೊಲಿಗೆ ಯಂತ್ರ ಇಟ್ಟು, ಅವಳು ಕೂತರೆ, ಗಿರಾಕಿ ಹೊರಗೇ ನಿಲ್ಲಬೇಕು. ಹೊಸ ಬಟ್ಟೆ ಹೊಲಿಯುವುದಿಲ್ಲ. ಇದ್ದ ಬಟ್ಟೆಯನ್ನು ಇದ್ದ ಮೈಗೆ ಹೊಂದಿಸಿ ಕೊಡುತ್ತಾಳೆ. ಉದ್ದ ಕಡಿಮೆ ಮಾಡುವುದು, ಸೊಂಟ ಬಿಡಿಸುವುದು, ಜಿಪ್ಪು ಬದಲಿಸುವುದು. ದಪ್ಪಗಾದವರು ತಾವು, ಬೈಸಿಕೊಳ್ಳುವುದು ಮಾತ್ರ ಬಟ್ಟೆ. "ಈ ಪ್ಯಾಂಟು ಯಾಕೋ ಕುಗ್ಗಿಬಿಟ್ಟಿದೆ ನೋಡಮ್ಮ" ಅನ್ನುವವರಿಗೆ ಅವಳು ಒಂದು ದಿನವೂ ಎದುರು ಹೇಳಿಲ್ಲ. "ಹೌದು, ಈಗಿನ ಬಟ್ಟೇನೇ ಹಾಗೆ" ಅಂತ ಎರಡು ಇಂಚು ಬಿಟ್ಟುಕೊಡುತ್ತಾಳೆ.

ಹಕ್ಕಿಗಳು ಅವಳ ಬದುಕಿನೊಳಗೆ ಬಂದದ್ದೂ ಈ ಅಂಗಡಿಯ ಬಾಗಿಲಿನಿಂದಲೇ. ಹನ್ನೊಂದು ವರ್ಷದ ಹಿಂದೆ ನಿವೃತ್ತ ವಿಜ್ಞಾನ ಮೇಷ್ಟ್ರು ಒಬ್ಬರು ಹಳೆಯ ದಿಂಬಿನ ಚೀಲಗಳ ಕಂತೆ ಹಿಡಿದು ಬಂದು ನಿಂತರು.

"ಇದರಲ್ಲಿ ಸಣ್ಣ ಸಣ್ಣ ಚೀಲ ಹೊಲಿದು ಕೊಡಬೇಕಮ್ಮ. ಅಂಗೈ ಅಗಲ, ಗೇಣುದ್ದ. ಬಾಯಿಗೆ ಎಳೆಯೋ ದಾರ."

"ಏನು ಹಾಕೋಕೆ?"

"ಹಕ್ಕಿ."

"ತಿನ್ನೋಕಾ?"

"ಛೆ ಛೆ! ಹಿಡಿದು, ಉಂಗುರ ತೊಡಿಸಿ, ಬಿಡೋಕೆ."

"ಉಂಗುರಾನಾ? ಗಂಡಿನ ಕಡೆಯವರು ಒಪ್ಪಿದಾರಾ?"

ಮೇಷ್ಟ್ರು ನಗಲಿಲ್ಲ. ತರಗತಿಯಲ್ಲಿ ಕೊನೆಯ ಬೆಂಚಿನವರಿಗೆ ಹೇಳುವಂತೆ ತಾಳ್ಮೆಯಿಂದ ವಿವರಿಸಿದರು: ಕೆರೆಯ ಹಿಂಬದಿ, ನೀರು ಶುದ್ಧೀಕರಿಸುವ ಕೇಂದ್ರದ ಬೇಲಿಯ ಪಕ್ಕ ಅವರದೊಂದು ಗುಂಪು ಬಲೆ ಕಟ್ಟುತ್ತದೆ. ಸಿಕ್ಕ ಹಕ್ಕಿಯ ಕಾಲಿಗೆ ಸಂಖ್ಯೆ ಕೊರೆದ ಹಗುರ ಉಂಗುರ ಹಾಕಿ, ಅಳೆದು, ತೂಗಿ, ಬರೆದುಕೊಂಡು ಬಿಡುತ್ತದೆ. ಅದೇ ಹಕ್ಕಿ ಮುಂದಿನ ವರ್ಷ ಇಲ್ಲಿಯೋ ಇನ್ನೆಲ್ಲಿಯೋ ಸಿಕ್ಕರೆ, ಎಷ್ಟು ದೂರ ಹಾರಿತು, ಎಷ್ಟು ವರ್ಷ ಬದುಕಿತು ಎಂದು ತಿಳಿಯುತ್ತದೆ. ಕೂಲಿ ಇಲ್ಲ, ಎಲ್ಲರೂ ಸ್ವಯಂಸೇವಕರು.

ಚೀಲ ಕೊಡುವ ನೆಪದಲ್ಲಿ ಅವಳು ಒಂದು ಭಾನುವಾರ ನೋಡಲು ಹೋದಳು. ಅಲ್ಲಿ ಮೂವರು ಗಂಡಸರು ಬಲೆಯ ಮುಂದೆ ನಿಂತು, ಕನ್ನಡಕವನ್ನು ಒಮ್ಮೆ ಹಣೆಗೆ, ಒಮ್ಮೆ ಮೂಗಿಗೆ ಇಟ್ಟುಕೊಳ್ಳುತ್ತಿದ್ದರು. ಕೂದಲೆಳೆಯಂಥ ಕಪ್ಪು ನೂಲಿನಲ್ಲಿ ಒಂದು ಕಂದು ಹಕ್ಕಿ ತನ್ನನ್ನು ತಾನೇ ಉಂಡೆ ಕಟ್ಟಿಕೊಂಡಿತ್ತು. ಮೇಷ್ಟ್ರು ಕತ್ತರಿ ಹೊರತೆಗೆದರು.

"ಕತ್ತರಿ ಒಳಗಿಡಿ. ಎಲ್ಲಿಂದ ಹೊಕ್ಕಿದೆ ಇದು?" ಅಂದಳು.

ಬಲೆಗೆ ಹಕ್ಕಿ ಹೊಕ್ಕ ಬದಿಯನ್ನು ಹುಡುಕಿದಳು, ಕೊನೆಗೆ ಸಿಕ್ಕಿಕೊಂಡ ಕಾಲನ್ನು ಮೊದಲು ಬಿಡಿಸಿದಳು, ಆಮೇಲೆ ರೆಕ್ಕೆ, ಆಮೇಲೆ ತಲೆ. ಬಿಡಿಸಿ ಮುಗಿಸಿದಾಗಲೂ ಮೂವರೂ ಇನ್ನೂ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದರು. ಯಂತ್ರದೊಳಗೆ ಸಿಕ್ಕಿಕೊಂಡ ದಾರ, ಮಗ ಚಿಕ್ಕವನಿದ್ದಾಗ ಹಾಕಿಕೊಳ್ಳುತ್ತಿದ್ದ ಬೂಟಿನ ಗಂಟು, ಗಂಡ ಅವಸರದಲ್ಲಿ ಕಗ್ಗಂಟು ಮಾಡಿಕೊಳ್ಳುವ ಪೈಜಾಮದ ಲಾಡಿ, ಎಲ್ಲವನ್ನೂ ಬಿಡಿಸಿ ಬಿಡಿಸಿ ಬಂದ ಕೈ ಅದು. ಆ ಕೈಗೆ ವಿದ್ಯೆ ಅಂತ ಹೆಸರು ಬಂದದ್ದು ಆ ದಿನವೇ ಮೊದಲು.

ಹೀಗೆ ಅವಳು ಚೀಲದಕ್ಕ ಆದಳು. ಹನ್ನೊಂದು ವರ್ಷ ಭಾನುವಾರ ಭಾನುವಾರ ಸೂರ್ಯ ಹುಟ್ಟುವ ಮೊದಲೇ ಹೋಗಿ ಬಲೆ ಬಿಚ್ಚಿದಳು, ಹಕ್ಕಿ ಬಿಡಿಸಿದಳು, ಹರಿದ ಚೀಲ ಹೊಲಿದಳು, ಮೇಷ್ಟ್ರು ಹೇಳಿದ್ದನ್ನು ಪುಸ್ತಕದಲ್ಲಿ ಬರೆದಳು, ನಡುವೆ ಎಲ್ಲರಿಗೂ ಟೀ ಮಾಡಿಕೊಟ್ಟಳು. ಟೀ ಮಾಡು ಎಂದು ಯಾರೂ ಹೇಳಿರಲಿಲ್ಲ. ಹೇಳದೆಯೇ ಆಗಿಹೋಗುವ ಕೆಲಸಗಳಲ್ಲಿ ಅದೂ ಒಂದು.

ಉಂಗುರ ತೊಡಿಸಲು ಮಾತ್ರ ಪರವಾನಗಿ ಬೇಕು, ಅದಕ್ಕೊಂದು ಪರೀಕ್ಷೆ. ಎರಡು ವರ್ಷದಿಂದ ಮೇಷ್ಟ್ರು ಹಕ್ಕಿಯನ್ನು ಚೀಲದಿಂದ ತೆಗೆದುಕೊಟ್ಟು ಅವಳ ಕೈಯಲ್ಲೇ ತೊಡಿಸಿ ಕಲಿಸುತ್ತಿದ್ದರು. ಉಂಗುರ ಕಾಲಿನ ಸುತ್ತ ಸಲೀಸಾಗಿ ತಿರುಗಬೇಕು, ಪಾದದಾಚೆ ಜಾರಬಾರದು. ಸೊಂಟದ ಪಟ್ಟಿಯ ಲೆಕ್ಕವೇ ಅದು, ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಪುಸ್ತಕದಲ್ಲಿ 'ತೊಡಿಸಿದವರು' ಎಂಬ ಕಾಲಮ್ಮಿಗೆ ಅವಳು ತನ್ನ ಕೈಯಾರೆ ಬರೆಯುತ್ತಿದ್ದದ್ದು ಮೇಷ್ಟ್ರ ಹೆಸರನ್ನೇ. ಆ ಕಾಲಮ್ಮಿನಲ್ಲಿ ತನ್ನ ಹೆಸರು ಬರಬೇಕು ಎಂಬುದೊಂದೇ ಅವಳ ಆಸೆ. ಸಣ್ಣ ಆಸೆ ಅನ್ನುವವರು ಹನ್ನೊಂದು ವರ್ಷ ಬೇರೆಯವರ ಹೆಸರನ್ನು ಮುದ್ದಾಗಿ ಬರೆದು ನೋಡಬೇಕು.

ಇನ್ನು ಮನೆ. ಮನೆಯಲ್ಲಿ ಗಂಡ, ಮಗ, ಅತ್ತೆ. ಗಂಡ ರೈಲು ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೂರುವವನು. ಯಾವ ಊರಿನ ರೈಲು ಯಾವ ಪ್ಲಾಟ್‌ಫಾರ್ಮಿಗೆ, ಎಷ್ಟು ಗಂಟೆಗೆ ಅಂತ ನಿದ್ದೆಯಲ್ಲೂ ಹೇಳುತ್ತಾನೆ. ಸಕ್ಕರೆ ಡಬ್ಬ ಯಾವ ಗೂಡಿನಲ್ಲಿದೆ ಎಂಬುದಕ್ಕೆ ಮಾತ್ರ ಹೆಂಡತಿಯೇ ವಿಚಾರಣಾ ಕಿಟಕಿ. ಮಗ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ, ಇಪ್ಪತ್ತನಾಲ್ಕು ವರ್ಷ. ಊರಿನವರಿಗೆಲ್ಲ ಯಾವ ಮಾತ್ರೆ ಊಟಕ್ಕೆ ಮೊದಲು, ಯಾವುದು ಆಮೇಲೆ ಅಂತ ಹೇಳಬಲ್ಲ. ತಟ್ಟೆ ಊಟಕ್ಕೆ ಮೊದಲು ಎಲ್ಲಿರುತ್ತದೆ, ಆಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದು ತಿಳಿಯದು.

ಈ ಮನೆಯ ಗಂಡಸರು ಬಟ್ಟೆ ಬಿಚ್ಚುವುದಿಲ್ಲ, ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ಹಾಕುತ್ತಾರೆ. ಬನಿಯನ್ನು ಉಲ್ಟಾ, ಅಂಗಿಯ ಒಂದು ತೋಳು ಉಲ್ಟಾ ಒಂದು ಸೀದಾ, ಪ್ಯಾಂಟು ಪೂರ್ತಿ ಉಲ್ಟಾ, ಕಾಲುಚೀಲ ಮುದ್ದೆ. ಎಲ್ಲವನ್ನೂ ಅವಳು ಸರಿಮಗ್ಗುಲಿಗೆ ತಿರುವಿ ಒಗೆಯುತ್ತಿದ್ದಳು. ದಿನಕ್ಕೆ ಹನ್ನೊಂದು ಬಟ್ಟೆ, ಮೂವತ್ತೊಂದು ವರ್ಷ. ಒಮ್ಮೆ ಯಂತ್ರದ ಮುಂದೆ ಕೂತಾಗ ಸುಮ್ಮನೆ ಗುಣಿಸಿ ನೋಡಿದ್ದಳು: ಒಂದು ಲಕ್ಷದ ಇಪ್ಪತ್ತನಾಲ್ಕು ಸಾವಿರ ಸಲ. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಗಂಡ "ಅಧಿಕ ವರ್ಷ ಸೇರಿಸಿದ್ಯಾ?" ಅಂತ ಕೇಳುತ್ತಿದ್ದ.

ಈಗ ಚೀಲದ ಕಟ್ಟಳೆ ಹೇಳಬೇಕು, ಯಾಕೆಂದರೆ ಎಲ್ಲ ಎಡವಟ್ಟೂ ಅಲ್ಲಿಂದಲೇ. ಚೀಲದ ಬಟ್ಟೆಯ ಮೇಲ್ಮೈಯಲ್ಲಿ ನೀಲಿ ಪಟ್ಟೆ, ಹಿಂಬದಿ ಬರೀ ಬಿಳಿ. ಪಟ್ಟೆ ಹೊರಗಿದ್ದರೆ ಒಳಗೆ ಹಕ್ಕಿ ಇದೆ ಎಂದರ್ಥ. ಹಕ್ಕಿಯನ್ನು ಹೊರತೆಗೆದ ಕೂಡಲೇ ಚೀಲವನ್ನು ಉಲ್ಟಾ ಮಾಡಿ, ಕೊಡವಿ, ಬಿಳಿ ಕಾಣುವಂತೆ ತಂತಿಗೆ ತೂಗುಹಾಕಬೇಕು. ಹಕ್ಕಿ ಕತ್ತಲಲ್ಲಿ ಸುಮ್ಮನಾಗಿಬಿಡುತ್ತದೆ, ಚೀಲ ಅಲ್ಲಾಡುವುದಿಲ್ಲ. ಒಂದನ್ನು ಖಾಲಿ ಅಂದುಕೊಂಡು ಮರೆತರೆ ಮುಗಿಯಿತು, ಒಂದು ಜೀವ ಹೋಯಿತು. ಅದಕ್ಕೇ ಬಿಳಿ ಅಂದರೆ ಖಾಲಿ, ಪಟ್ಟೆ ಅಂದರೆ ಜೀವ. ಇದರಲ್ಲಿ ತಮಾಷೆ ಇಲ್ಲ.

ಹನ್ನೊಂದು ವರ್ಷವೂ ಚೀಲ ಖಾಲಿ ಮಾಡಿ ಉಲ್ಟಾ ತೂಗುಹಾಕುವುದು ಉಂಗುರ ತೊಡಿಸುವವರ, ಅಂದರೆ ಮೇಷ್ಟ್ರ ಕೆಲಸ. ಬಿಳಿ ಚೀಲವನ್ನು ತಂತಿಯಿಂದ ತೆಗೆದು, ಪಟ್ಟೆ ಹೊರಗೆ ಬರುವಂತೆ ಸೀದಾ ಮಾಡಿ, ಬಲೆಯ ಕಡೆ ಒಯ್ಯುವುದು ಚೀಲದಕ್ಕನ ಕೆಲಸ. ಮನೆಯಲ್ಲೂ ಸೀದಾ ಮಾಡುವುದು, ಇಲ್ಲೂ ಸೀದಾ ಮಾಡುವುದು. ಉಲ್ಟಾ ಮಾಡುವ ಭಾಗ್ಯ ಅವಳ ಕೈಗೆ ಎಲ್ಲಿಯೂ ಬಂದಿರಲಿಲ್ಲ.

ಪರೀಕ್ಷೆಯ ದಿನ ಅದೂ ಬಂತು. ದೂರದ ನಗರದಿಂದ ಪರೀಕ್ಷಕಿ ಬಂದಿದ್ದರು. ಕತ್ತರಿಸಿದ ನರೆಗೂದಲು, ದಾರಕ್ಕೆ ಕಟ್ಟಿದ ಕನ್ನಡಕ, ಹೆಗಲ ಚೀಲದಲ್ಲಿ ಒಂದು ಮರದ ಹಿಡಿಯ ಮುದ್ರೆ. ಗುಂಪಿನವರೆಲ್ಲ ಅವರನ್ನು ಬೆನ್ನ ಹಿಂದೆ ಮುದ್ರೆಯಮ್ಮ ಅನ್ನುತ್ತಿದ್ದರು. ಬೆಳಗಿನಿಂದ ಅವರು ಆಡಿದ್ದು ಎರಡೇ ಮಾತು: "ಶುರು ಮಾಡಿ" ಮತ್ತು "ಹೂಂ."

ಆ ದಿನ ಬಲೆಯಿಂದ ಮೇಜಿನವರೆಗೆ ಎಲ್ಲವೂ ಅವಳದೇ. ಒಂಬತ್ತು ಹಕ್ಕಿ ತಂದಳು. ಆರಕ್ಕೆ ಉಂಗುರ ತೊಡಿಸಿ ಹಾರಿಬಿಟ್ಟಳು. ಆರು ಚೀಲ ಬಿಳಿಯಾಗಿ ತಂತಿಯ ಮೇಲೆ, ಮೂರು ಪಟ್ಟೆಯಾಗಿ. ಮೇಷ್ಟ್ರು ಬೇಲಿಯ ಬಳಿ ಹೆರಿಗೆ ಕೋಣೆಯ ಹೊರಗಿನ ಗಂಡನ ಹಾಗೆ ಅತ್ತಿಂದಿತ್ತ ತಿರುಗುತ್ತಿದ್ದರು.

ಫೋನು ಬಂತು. ಅತ್ತೆಗೆ ಆಗಾಗ ತಲೆ ಸುತ್ತುತ್ತದೆಂದು ಅವಳು ಅದನ್ನು ಬಂದ್ ಮಾಡಿರಲಿಲ್ಲ. ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು.

"ಲೇ, ಸಕ್ಕರೆ ಎಲ್ಲೇ?"

"ಒಲೆ ಪಕ್ಕ, ಎರಡನೇ ಗೂಡು."

"ಇಲ್ಲ."

"ಇದೆ ರೀ."

"ಇಲ್ಲ ಅಂದ್ರೆ ಇಲ್ಲ ಕಣೇ. ನಾನೇನು ಕುರುಡನಾ?"

"ನೀಲಿ ಮುಚ್ಚಳದ ಡಬ್ಬ ನೋಡಿ."

"ನೀಲೀನಾ? ಹಸಿರು ಅಲ್ವಾ?"

"ಹಸಿರು ಉಪ್ಪಿಂದು."

ಅತ್ತ ಕಡೆ ಡಬ್ಬದ ಮುಚ್ಚಳ ತೆಗೆದ ಸದ್ದು. "ಹಾಗಾದ್ರೆ ಅಮ್ಮನ ಟೀಗೆ ನಾನು ಮೂರು ಚಮಚ ಹಾಕಿದ್ದು ಏನು?"

ಫೋನು ಇಟ್ಟು ನೋಡಿದಳು. ತಂತಿಯ ಮೇಲೆ ಒಂಬತ್ತು ಚೀಲ. ಒಂಬತ್ತೂ ಪಟ್ಟೆ. ಅಚ್ಚುಕಟ್ಟಾಗಿ, ಅಂಚು ನೇವರಿಸಿ, ಸಾಲಾಗಿ. ಸಕ್ಕರೆ ಹುಡುಕಿಕೊಡುವಷ್ಟರಲ್ಲಿ ಅವಳ ಎರಡು ಕೈಗಳು ಆರು ಉಲ್ಟಾ ಚೀಲಗಳನ್ನೂ ಸೀದಾ ಮಾಡಿ ಮುಗಿಸಿದ್ದವು.

ಮುದ್ರೆಯಮ್ಮ ಕನ್ನಡಕ ಏರಿಸಿದರು. "ಎಷ್ಟು ಹಕ್ಕಿ ಬಾಕಿ?"

"ಮೂರು."

"ನನಗೆ ಒಂಬತ್ತು ಕಾಣ್ತಿವೆ."

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಚೀಲದಕ್ಕ ಒಂದೊಂದೇ ಚೀಲವನ್ನು ಕೆಳಗಿನಿಂದ ಅಂಗೈಯಲ್ಲಿ ಆತುಕೊಂಡು ನೋಡಿದಳು. ಖಾಲಿ. ಖಾಲಿ. ಬೆಚ್ಚಗಿನ ಮೂರು ಅಂಗಿಯ ಗುಂಡಿಗಳು. ಖಾಲಿ. ಹೀಗೆ ಮೂರನ್ನೂ ಹುಡುಕಿ, ಮೂರಕ್ಕೂ ಉಂಗುರ ತೊಡಿಸಿ ಬಿಟ್ಟಳು. ಮೂರೂ ಚೆನ್ನಾಗಿಯೇ ಹಾರಿಹೋದವು. ಆದರೆ ಕಟ್ಟಳೆ ಕಟ್ಟಳೆಯೇ. ಅದು ಅವಳಿಗೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು. ಮೇಷ್ಟ್ರ ಕಂತೆಯಿಂದ ಪಟ್ಟೆಯ ಬಟ್ಟೆ ಆರಿಸಿದ್ದವಳೇ ಅವಳು.

"ಯಾಕೆ ಹಾಗೆ ಮಾಡಿದ್ರಿ?" ಮುದ್ರೆಯಮ್ಮ ಕೇಳಿದರು.

"ನಾನು ಮಾಡಲಿಲ್ಲ. ಕೈ ಮಾಡ್ತು."

"ಕೈ ಯಾರದು?"

ಚೀಲದಕ್ಕ ಒಂದು ಕ್ಷಣ ಯೋಚಿಸಿದಳು. "ಮನೆಯವರದು" ಅಂದಳು.

ಮುದ್ರೆಯಮ್ಮನ ಪೆನ್ನು ನಿಂತಿತು. ಕನ್ನಡಕ ಕೆಳಗಿಳಿಯಿತು. "ನಾಲ್ಕು ವಾರಕ್ಕೆ ಇದೇ ದಾರೀಲಿ ವಾಪಸ್ ಬರ್ತೀನಿ. ಅಷ್ಟರಲ್ಲಿ ನಿಮ್ಮ ಕೈ ನೀವು ಬಿಡಿಸ್ಕೊಂಡು ಬನ್ನಿ. ಇಲ್ಲಾಂದ್ರೆ ಮುಂದಿನ ವರ್ಷ."

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಕೂತಿದ್ದರು. "ಬಾರಮ್ಮ. ನಿನ್ನ ಗಂಡ ಇವತ್ತು ನನಗೆ ಲೋಟದಲ್ಲೇ ಸಮುದ್ರ ತೋರಿಸಿದ."

ಚೀಲದಕ್ಕ ಚಪ್ಪಲಿಯನ್ನೂ ಬಿಡದೆ ಹೇಳಿದಳು: "ಕೇಳಿಸ್ಕೊಳ್ಳಿ ಎಲ್ಲರೂ. ನಾಲ್ಕು ವಾರ ಈ ಮನೆ ಬಟ್ಟೆ ಹೇಗೆ ಬೀಳುತ್ತೋ ಹಾಗೇ ಒಗೀತೀನಿ, ಹಾಗೇ ಒಣಗಿಸ್ತೀನಿ, ಹಾಗೇ ಮಡಚಿಡ್ತೀನಿ. ಉಲ್ಟಾ ಬಿದ್ರೆ ಉಲ್ಟಾ."

"ಇದೇನೇ ಇದು, ಮುಷ್ಕರಾನಾ?" ಅಂದ ಗಂಡ.

"ಅಲ್ಲ ರೀ, ಓದ್ಕೊಳ್ತಿದೀನಿ. ಪರೀಕ್ಷೆಗೆ."

"ಬಟ್ಟೆ ಉಲ್ಟಾ ಮಡಚಿಡೋದು ಯಾವ ಪರೀಕ್ಷೇಲಿ ಕೇಳ್ತಾರೆ?"

"ನನ್ನ ಪರೀಕ್ಷೇಲಿ."

ಮೊದಲ ವಾರ ಗಂಡ ತಮಾಷೆ ಅಂದುಕೊಂಡ. ಮುಂಜಾನೆಯ ಪಾಳಿಗೆ ಮಬ್ಬುಗತ್ತಲಲ್ಲಿ ತೋಳಿಲ್ಲದ ಸ್ವೆಟರು ಏರಿಸಿಕೊಂಡು ಹೋದವನು ನಿಲ್ದಾಣದ ಟೀ ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗ, ಹಿಂದೆ ನಿಂತ ಶಾಲೆಯ ಹುಡುಗಿ ಅವನ ಕುತ್ತಿಗೆಯ ಚೀಟಿಯನ್ನು ಜೋರಾಗಿ ಓದಿದಳಂತೆ: "ತಣ್ಣೀರಲ್ಲಿ ಒಗೆಯಿರಿ. ಹಿಂಡಬೇಡಿ. ನೆರಳಲ್ಲಿ ಒಣಗಿಸಿ." ಆ ದಿನವಿಡೀ ಅವನ ಸಹೋದ್ಯೋಗಿಗಳು ಅವನನ್ನು ನೆರಳಿಗೆ ಕೂರಿಸಿದರು.

ಮಗನ ಜೀನ್ಸು ಜೇಬುಗಳನ್ನು ಮೊಲದ ಕಿವಿಯಂತೆ ಹೊರಚಾಚಿಕೊಂಡು ಕಪಾಟಿನಲ್ಲಿ ಕೂತಿತ್ತು. ಅವನು ಅದನ್ನು ತಿರುವಲು ಹೋಗಿ, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ, ಕೈ ಮಧ್ಯದಲ್ಲಿ ಸಿಕ್ಕಿಕೊಂಡು ಅಡುಗೆಮನೆಗೆ ಬಂದ.

"ಅಮ್ಮ, ಒಂದು ಪ್ಯಾಂಟು ಸೀದಾ ಮಾಡೋಕೆ ಎಷ್ಟು ಹೊತ್ತು ಹಿಡಿಯುತ್ತೆ ಗೊತ್ತಾ ನಿನಗೆ?"

"ಗೊತ್ತು ಕಣೋ" ಅಂದಳು.

ಗಂಡಸರ ಕಷ್ಟ ಇಷ್ಟೇ. ನಿಜವಾದ ಕಷ್ಟ ಅವಳದು. ಸಂಜೆ ಬಟ್ಟೆಯ ರಾಶಿಯ ಮುಂದೆ ಕೂತರೆ ಬೆರಳುಗಳು ತುರಿಸಿದಂತೆ ಆಗುತ್ತಿತ್ತು. ಉಲ್ಟಾ ತೋಳೊಂದು ಕಂಡರೆ ಕೈ ತಾನಾಗಿ ಒಳಹೊಕ್ಕು ಹಿಡಿದೆಳೆಯಲು ಹೊರಡುತ್ತಿತ್ತು. ಅತ್ತೆ ಪಕ್ಕದಲ್ಲಿ ದಿನಪತ್ರಿಕೆ ಸುರುಳಿ ಸುತ್ತಿಕೊಂಡು ಕೂರಲು ಶುರುಮಾಡಿದರು. ಕೈ ಹೋದ ಕೂಡಲೇ ಮಣಿಕಟ್ಟಿನ ಮೇಲೆ ಪಟ್ ಅಂತ ಒಂದು.

"ಕೈ!"

"ಮರೆತೆ ಅತ್ತೆ."

"ಮರೆಯೋದಲ್ಲ, ನೆನಪಾಗಿದ್ದೇ ನಿನ್ನ ರೋಗ. ಇಡು ಕೆಳಗೆ."

ಒಂದು ದಿನ ಹೀಗೇ ಕೂತಿದ್ದಾಗ ಅತ್ತೆ ಒಂದು ಉಲ್ಟಾ ಬನಿಯನ್ನನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ನಾನು ಇವನಪ್ಪನ ಬಟ್ಟೆ, ಇವನ ಬಟ್ಟೆ ಸೇರಿಸಿ ನಲವತ್ತು ವರ್ಷ ಸೀದಾ ಮಾಡಿದೆ. ನನಗೆ ಯಾರೂ ಪರೀಕ್ಷೆ ಇಡಲಿಲ್ಲ ನೋಡು" ಅಂದರು. ಆಮೇಲೆ ಅದನ್ನು ಉಲ್ಟಾ ಇದ್ದಂತೆಯೇ, ಬಹಳ ಮುತುವರ್ಜಿಯಿಂದ, ಮಡಚಿ ಮಗನ ರಾಶಿಯ ಮೇಲಿಟ್ಟರು.

ಮೂರನೆಯ ವಾರ ಗಂಡ ಬಚ್ಚಲಿನಿಂದ ಮಹಾ ಸಂಭ್ರಮದಲ್ಲಿ ಬಂದ.

"ಲೇ, ಇಲ್ಲಿ ಕೇಳು. ಬಿಚ್ಚೋವಾಗ್ಲೇ ಸೀದಾ ಬಿಚ್ಚಿದ್ರೆ ಆಮೇಲೆ ತಿರುವೋ ಕೆಲಸಾನೇ ಇರಲ್ಲ ಕಣೇ! ಇಷ್ಟು ವರ್ಷ ಯಾರಿಗೂ ಹೊಳೀಲೇ ಇಲ್ಲ ನೋಡು."

"ಹೌದು ರೀ. ನೀವಲ್ಲದೆ ಇನ್ಯಾರಿಗೆ ಹೊಳೀಬೇಕು" ಅಂದಳು ಚೀಲದಕ್ಕ, ಪ್ಯಾಂಟಿನ ಉದ್ದದ ಗುರುತು ಹಾಕುತ್ತ. ಅತ್ತೆ ದಿನಪತ್ರಿಕೆಯ ಸುರುಳಿಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು.

ನಾಲ್ಕನೆಯ ಭಾನುವಾರ ಮುದ್ರೆಯಮ್ಮ ಬಂದರು. "ಶುರು ಮಾಡಿ" ಅಂದರು.

ಹಕ್ಕಿಗಳೂ ಆ ದಿನ ಪಂದ್ಯ ಕಟ್ಟಿದವರಂತೆ ಬಂದು ಬಲೆಗೆ ಬಿದ್ದವು. ಹದಿನಾಲ್ಕು. ಬಿಡಿಸಿದಳು, ಚೀಲಕ್ಕೆ ಹಾಕಿದಳು, ಒಂದೊಂದಾಗಿ ತೆಗೆದು ತೊಡಿಸಿದಳು, ಚೀಲ ತಿರುವಿ ಕೊಡವಿ ಬಿಳಿಯಾಗಿ ತೂಗುಹಾಕಿದಳು. ಒಂಬತ್ತು ಬಿಳಿ, ಐದು ಪಟ್ಟೆ ಇದ್ದಾಗ ಫೋನು ಬಂತು. ಗಂಡನ ನಂಬರು. ಮೇಷ್ಟ್ರು ಬೇಲಿ ಹಿಡಿದುಕೊಂಡರು. ಮುದ್ರೆಯಮ್ಮ ಕನ್ನಡಕ ಏರಿಸಿದರು.

ಮಾತಾಡಿದ್ದು ಅತ್ತೆ. "ಏನಿಲ್ಲಮ್ಮ. ಇವನ ಫೋನು ಕಿತ್ಕೊಂಡು ನನ್ನ ಹತ್ರ ಇಟ್ಕೊಂಡಿದೀನಿ. ಇವತ್ತು ಮನೆಯಿಂದ ನಿನಗೆ ಯಾರ ಫೋನೂ ಬರಲ್ಲ. ಅದನ್ನ ಹೇಳೋಣ ಅಂತ ಫೋನ್ ಮಾಡಿದೆ."

"ಸರಿ ಅತ್ತೆ."

"ನಿನ್ನ ಕೈ ಎಲ್ಲಿದೆ ಈಗ?"

ಚೀಲದಕ್ಕ ನೋಡಿಕೊಂಡಳು. ಬಲಗೈ ತಂತಿಯ ಮೇಲಿನ ಮೊದಲ ಬಿಳಿ ಚೀಲವನ್ನು ಮುಟ್ಟಿಕೊಂಡು ನಿಂತಿತ್ತು. ಅಲ್ಲಿಗೆ ಹೋಗಿತ್ತು, ನಿಜ. ಆದರೆ ಅಲ್ಲೇ ನಿಂತಿತ್ತು, ಮಣಿಕಟ್ಟಿನ ಮೇಲೆ ಯಾರೋ ಪಟ್ ಅಂದದ್ದು ಕೇಳಿಸಿದ ಹಾಗೆ.

"ನನ್ನ ಹತ್ರಾನೇ ಇದೆ ಅತ್ತೆ" ಅಂದಳು. ಕೈಯನ್ನು ಜೇಬಿಗೆ ಹಾಕಿಕೊಂಡಳು.

ಮುದ್ರೆಯಮ್ಮ ಏನೋ ಬರೆದುಕೊಂಡರು.

ಕೊನೆಯದು ಒಂದು ಕಂದು ಹಕ್ಕಿ. ಉಂಗುರ ತೊಡಿಸಿ, ಹೊಟ್ಟೆಯ ಪುಕ್ಕಗಳ ಮೇಲೆ ಮೆಲ್ಲಗೆ ಊದಿ ನೋಡಿದಳು. ಕೊಬ್ಬು ಎಷ್ಟಿದೆ ಎಂದು ನೋಡಲು ಎಲ್ಲ ಹಕ್ಕಿಗೂ ಹಾಗೆ ಊದುತ್ತಾರೆ. ಇದರ ಹೊಟ್ಟೆ ಬೋಳಾಗಿತ್ತು, ಚರ್ಮ ಕೆಂಪಗೆ ಬಿಸಿಯಾಗಿತ್ತು. ಎಲ್ಲೋ ಪೊದೆಯೊಳಗೆ ಕಾವು ಕೊಡುತ್ತಿರುವ ತಾಯಿ. ಗೂಡಿಗೆ ಶಾಖ ತಗಲಲೆಂದು ಹೊಟ್ಟೆಯ ಪುಕ್ಕ ಉದುರಿಸಿಕೊಂಡಿದೆ. ರೆಕ್ಕೆಯ ಅಳತೆ ಬಾಕಿ ಇತ್ತು, ತೂಕ ಬಾಕಿ ಇತ್ತು. ಚೀಲದಕ್ಕ ಅಳತೆಪಟ್ಟಿಯನ್ನು ಪಕ್ಕಕ್ಕೆ ಸರಿಸಿ, ಎದ್ದು, ಪೊದೆಯ ಕಡೆ ತಿರುಗಿ ಅಂಗೈ ಬಿಡಿಸಿದಳು.

"ಓಡು ತಾಯಿ. ನಿನ್ನ ಮನೇಲಿರೋವು ಇನ್ನೂ ಕಣ್ಣು ಬಿಟ್ಟಿಲ್ಲ."

ಹಕ್ಕಿ ಹೋಯಿತು. ಅವಳು ಚೀಲವನ್ನು ಉಲ್ಟಾ ಮಾಡಿ ತೂಗುಹಾಕಿದಳು. ಹದಿನಾಲ್ಕೂ ಬಿಳಿ.

"ಅಳತೆ, ತೂಕ ಎರಡೂ ಬರೆದಿಲ್ಲ" ಅಂದರು ಮುದ್ರೆಯಮ್ಮ.

"ಇಲ್ಲ. ಬರೆಯೋದೂ ಇಲ್ಲ."

ಮುದ್ರೆಯಮ್ಮ ತಮ್ಮ ಹೆಗಲ ಚೀಲಕ್ಕೆ ಕೈಹಾಕಿ ಮರದ ಹಿಡಿಯ ಮುದ್ರೆ ತೆಗೆದರು, ಬಾಯಿಂದ ಹಾ ಅಂತ ಉಸಿರು ಬಿಟ್ಟು ಒದ್ದೆ ಮಾಡಿಕೊಂಡರು, ಅರ್ಜಿಯ ಮೇಲೆ ಧಡಾರಂತ ಒತ್ತಿದರು. ತಂತಿಯ ಮೇಲಿನ ಚೀಲಗಳೆಲ್ಲ ಒಮ್ಮೆ ಅಲ್ಲಾಡಿದವು. "ಹೂಂ" ಅಂದರು.

ಮೇಷ್ಟ್ರು ಕಣ್ಣೊರೆಸಿಕೊಂಡು, ಅದು ಧೂಳು ಎಂದು ಯಾರೂ ಕೇಳದಿದ್ದರೂ ಹೇಳಿ, ಹಾಜರಾತಿ ಪುಸ್ತಕದ ಗತ್ತಿನಲ್ಲಿ ಪುಸ್ತಕವನ್ನು ಅವಳ ಮುಂದೆ ತೆರೆದಿಟ್ಟರು. 'ತೊಡಿಸಿದವರು' ಕಾಲಮ್ಮು ಹದಿನಾಲ್ಕು ಸಾಲು ಖಾಲಿ ಇತ್ತು.

"ಬೇಗ ಬರೆದು ಹೊರಡಿ ಅಕ್ಕ. ಮನೇಲಿ ಕಾಯ್ತಿರ್ತಾರೆ."

"ನಮ್ಮನೆಯವರು ಕಣ್ಣು ಬಿಟ್ಟು ಐವತ್ತೆಂಟು ವರ್ಷ ಆಯ್ತು ಮೇಷ್ಟ್ರೇ, ಕಾಯಲಿ" ಅಂದಳು ಚೀಲದಕ್ಕ. ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡಳು. ಪೆನ್ನಿನ ಮುಚ್ಚಳ ತೆಗೆದಳು. "ಇವತ್ತು ಟೀ ನೀವು ಮಾಡಿ."

ಮೇಷ್ಟ್ರು ತಲೆಯಾಡಿಸಿ ಉತ್ಸಾಹದಿಂದಲೇ ಹೋದರು. ಸ್ಟೌವ್ ಹತ್ತಿದ ಸದ್ದು ಬಂತು, ನೀರು ಸುರಿದ ಸದ್ದು ಬಂತು. ಆಮೇಲೆ ಸಾಮಾನಿನ ಪೆಟ್ಟಿಗೆಯನ್ನು ಎರಡು ಸಲ ತೆರೆದು ಮುಚ್ಚಿದ ಸದ್ದು ಬಂತು.

"ಅಕ್ಕ," ಮೇಷ್ಟ್ರ ದನಿ ಸ್ವಲ್ಪ ಸಣ್ಣದಾಗಿತ್ತು, "ಇದರಲ್ಲಿ ಸಕ್ಕರೆ ಎಲ್ಲಿಟ್ಟಿದೀರಿ?"

ಚೀಲದಕ್ಕ ಎರಡನೆಯ ಸಾಲಿನಲ್ಲಿದ್ದಳು. ತಲೆ ಎತ್ತಲಿಲ್ಲ.

"ಹುಡುಕಿ" ಅಂದಳು.